ಮನೆಯವನಿಗೆ ಕೊನೆಯ ವೀಳ್ಯ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
೧೫ ಮೇ ೧೯೮೮

ದೊಡ್ಡವ್ವ,

ನಿನ್ನ ಸಿದ್ರಾಮಪ್ಪ ಇಲ್ಲಿ ಉಂಡುಟ್ಟು ಸುಖವಾಗಿದ್ದಾನೆ, ಮೊದಲು ಅದನ್ನು ತಿಳಿದುಕೊಂಡು ಆಮೇಲೆ ಮುಂದೆ ಓದಿಸು. ನನ್ನ ಹೆಂಡತಿ ಇಂದು ಆರಾಮ ಇದ್ದಾಳೆ. ಮಗಳು ವಸುಧಾಗೆ ಏಳು ತುಂಬಿತು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಬೈಗುಳ ಮಾತ್ರ ನಮ್ಮ ಕಡೆಯದೇ ಕಲಿತಿದ್ದಾಳೆ, ನಾನು ಕಾರು ಓಡಿಸುವಾಗ ಹಿಂದೆ ಕೂತು.

ನಾನು ಚೆಂಡಾಟದ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ ಎಂದು ನೀನು ಇಳಕಲ್ಲಿನವರಿಗೆಲ್ಲ ಹೇಳುತ್ತೀಯಂತೆ. ಅದು ತಪ್ಪಲ್ಲ. ಇಲ್ಲಿನ ಬಾಸ್ಕೆಟ್‌ಬಾಲ್ ತಂಡಗಳೆಂದರೆ ನಿನ್ನ ನಾಟಕ ಕಂಪನಿಯ ಹಾಗೆಯೇ. ಊರೂರು ತಿರುಗಬೇಕು, ಟಿಕೆಟ್ ಮಾರಬೇಕು, ಒಳ್ಳೆಯ ಪಾತ್ರಧಾರಿಯನ್ನು ಪಕ್ಕದ ಕಂಪನಿಯವರು ಹಾರಿಸಿಕೊಂಡು ಹೋಗದ ಹಾಗೆ ನೋಡಿಕೊಳ್ಳಬೇಕು. ಆಟಗಾರರ ಕರಾರು ಬರೆಯುವುದು, ಅವರೆಲ್ಲರ ಸಂಬಳ ಮಿತಿಯೊಳಗೆ ಕೂರುವ ಹಾಗೆ ನೋಡುವುದು, ಇದು ನನ್ನ ಪಾಲಿನ ಕೆಲಸ.

ಮಿತಿ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಾಲೀಕರೂ ಆಟಗಾರರ ಸಂಘದವರೂ ಕೂತು ಒಂದು ಕಟ್ಟುಪಾಡು ಮಾಡಿಕೊಂಡರು. ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿಸಿ ಕೊಡುವ ಸಂಬಳ ಇಷ್ಟನ್ನು ಮೀರಬಾರದು. ಗಾಡಿಗೆ ಇಷ್ಟೇ ಜನ ಎಂದ ಹಾಗೆ. ಆದರೆ ಅದರಲ್ಲೊಂದು ಸಂದು ಇಟ್ಟಿದ್ದಾರೆ. ಹೊರಗಿನವನನ್ನು ಹತ್ತಿಸಿಕೊಳ್ಳಲು ಗಾಡಿಯಲ್ಲಿ ಜಾಗ ಖಾಲಿ ಇರಲೇಬೇಕು. ನಿನ್ನ ತಂಡದಲ್ಲೇ ಆಡಿದವನಾದರೆ ಗಾಡಿ ತುಂಬಿದ್ದರೂ ಒತ್ತಿ ಕೂಡಿಸಿಕೊಳ್ಳಬಹುದು. ಅಂದಮೇಲೆ ಜಾಣತನ ಎಲ್ಲಿದೆ ನೋಡು. ಮೊದಲು ಹೊರಗಿನವನು, ಆಮೇಲೆ ಮನೆಯವನು.

ನಮ್ಮಲ್ಲಿ ಅರ್ಲ್ ಟಾಲಿವರ್ ಎಂಬ ಹಳೆಯ ಆಟಗಾರ ಇದ್ದಾನೆ. ಚೆಂಡು ಹಂಚುವುದು ಅವನ ಕೆಲಸ, ತಾನು ಗೆಲ್ಲುವುದಕ್ಕಿಂತ ಪಕ್ಕದವನನ್ನು ಗೆಲ್ಲಿಸುವುದರಲ್ಲಿ ಅವನಿಗೆ ಖುಷಿ. ನಾನು ಆಫೀಸಿಗೆ ಸೇರಿದಾಗ ಎಲ್ಲರೂ ನನ್ನನ್ನು ಸಿಡ್ ಎಂದು ಕತ್ತರಿಸಿದರೆ, ಅವನೊಬ್ಬ ಮಾತ್ರ ಒಂದು ಮಧ್ಯಾಹ್ನವೆಲ್ಲ ಕೂತು 'ಸಿದ್ರಾಮಪ್ಪ' ಎನ್ನುವುದನ್ನು ಕಲಿತ. ಅವನ ಕರಾರು ಜೂನ್ ಕೊನೆಗೆ ಮುಗಿಯುತ್ತದೆ. ವೆಂಡೆಲ್ ಕ್ರೂಸ್ ಎಂಬ ಗರುಡಗಂಬದಂಥ ಇನ್ನೊಬ್ಬನ ಕರಾರು ಬೇರೆ ತಂಡದಲ್ಲಿ ಮುಗಿಯುತ್ತದೆ. ಈ ಬೇಸಿಗೆಯಿಂದ ಇಂಥ ಹಳಬರು ಎಲ್ಲಿಗೆ ಬೇಕಾದರೂ ಹೋಗಬಹುದೆಂದು ನಿಯಮ ಬಂದಿದೆ. ನಮಗೆ ಇಬ್ಬರೂ ಬೇಕು. ಅರ್ಲ್‌ಗೆ ಮೊದಲು ಬರೆದುಕೊಟ್ಟರೆ ಗಾಡಿ ತುಂಬುತ್ತದೆ, ವೆಂಡೆಲ್ ಹತ್ತುವಂತಿಲ್ಲ. ಆದ್ದರಿಂದ ವೆಂಡೆಲ್ ಹತ್ತುವ ತನಕ ಅರ್ಲ್ ದಾರಿ ಬದಿಯಲ್ಲಿ ನಿಂತಿರಬೇಕು.

ಕಷ್ಟ ಇರುವುದು ಇಲ್ಲಿ. 'ಆಮೇಲೆ ನಿನಗೆ ಇಷ್ಟು ಕೊಡುತ್ತೇವೆ' ಎಂದು ಈಗಲೇ ಬರೆದುಕೊಡುವಂತಿಲ್ಲ, ಬಾಯಲ್ಲೂ ಹೇಳುವಂತಿಲ್ಲ. ಗುಟ್ಟಿನ ಕರಾರು ನಿಯಮಕ್ಕೆ ವಿರುದ್ಧ. 'ಕಾದಿರು' ಎಂದಷ್ಟೇ ಹೇಳಬೇಕು. 'ಅವನು ನಿನ್ನ ಮಾತು ನಂಬುತ್ತಾನೆ, ನೀನೇ ಹೇಳು' ಎಂದು ನಮ್ಮ ಯಜಮಾನ ಗ್ಯಾರಿಟಿ ನನ್ನ ತಲೆಗೆ ಕಟ್ಟಿದ್ದಾನೆ. ಅರ್ಲ್ ಹೋಗಿಬಿಟ್ಟರೆ ಕಳಿಸಿದವನು ನಾನೇ ಆಗುತ್ತೇನೆ. ನೀನು ಇಷ್ಟು ವರ್ಷ ಕಂಪನಿ ಕಟ್ಟಿಕೊಂಡು ಬಂದವಳು. ಒಬ್ಬನನ್ನು ಬೇಜಾರಾಗದಂತೆ ಕಾಯಿಸುವುದು ಹೇಗೆ, ಹೇಳು.

ನಿನ್ನ,
ಸಿದ್ರಾಮಪ್ಪ


ಶ್ರೀ ಹೊಳೆಬಸವೇಶ್ವರ ನಾಟ್ಯ ಸಂಘ
ಮೊಕ್ಕಾಂ: ಇಳಕಲ್
೩ ಜೂನ್ ೧೯೮೮

ಸಿದ್ರಾಮಾ,

ನಿನಗೂ ಇಂದೂಗೂ ಕೂಸಿಗೂ ಬಂಗಾರೆವ್ವನ ಆಶೀರ್ವಾದ. ನಾನು ಹೇಳುತ್ತೇನೆ, ದೇವೇಂದ್ರಪ್ಪ ಮಾಸ್ತರರು ಬರೆಯುತ್ತಾರೆ. ನಾಟಕದಲ್ಲಿ ಪಾತ್ರಧಾರಿಗಳಿಗೆ ಮಾತು ಎತ್ತಿಕೊಡುವ ಮನುಷ್ಯ, ನನ್ನ ಮಾತನ್ನು ನನಗೇ ಎತ್ತಿಕೊಡುತ್ತಾರೆ.

ನಿನ್ನ ಗಾಡಿಯ ಕಥೆ ಕೇಳಿದೆ. ನನಗೆ ಸರಿಬರಲಿಲ್ಲ. ನಿಮ್ಮ ದೇಶದ ಮಾಲೀಕರು ಸಂಬಳ ಉಳಿಸಲು ಕಟ್ಟಿದ ಆಟ ಇದು ಎಂದು ನನ್ನ ಅನುಮಾನ. ಇರಲಿ. ಒಬ್ಬ ಗೌಡ ಇದ್ದ. ಸಂತೆಯಿಂದ ಹೊಸ ಎತ್ತು ತಂದು, ಹಳೆಯ ಎತ್ತಿನ ಗೋದಲಿಗೆ ಕಟ್ಟಿದ. ಹಳೆಯದು ಅಂಗಳದಲ್ಲಿ ನಿಂತು ನೋಡಿತು. ಮರುದಿನ ನೊಗ ಹೊರು ಎಂದರೆ ಮಲಗಿಬಿಟ್ಟಿತು. ಹೊಸದೊಂದೇ ಎಳೆದರೆ ಗಾಡಿ ಮುಂದಕ್ಕೆ ಹೋಗುತ್ತದೆಯೇ? ನಿಂತಲ್ಲೇ ಗಿರಗಿರ ತಿರುಗಿತು. ನಿನ್ನ ಗ್ಯಾರಿಟಿಗೆ ಈ ಕಥೆ ಹೇಳು.

ನಮ್ಮ ಕಂಪನಿಯ ಪದ್ಧತಿ ನಿನಗೆ ಮರೆತಿಲ್ಲ ತಾನೆ? ಕಾರಹುಣ್ಣಿಮೆಯ ದಿನ ಮುಂದಿನ ವರ್ಷಕ್ಕೆ ವೀಳ್ಯ ಕೊಡುತ್ತೇವೆ. ತಟ್ಟೆಯಲ್ಲಿ ಎಲೆ, ಅಡಿಕೆ, ಕಾಯಿ. ಮೊದಲ ವೀಳ್ಯ ನಮ್ಮ ಹಾಸ್ಯದ ವಿರುಪಾಕ್ಷಪ್ಪನಿಗೆ. ಅವನು ತೆಗೆದುಕೊಂಡ ಮೇಲೆಯೇ ಉಳಿದವರು ಕೈ ಚಾಚುವುದು. ವೀಳ್ಯ ಹಿಡಿದವನು ಎಷ್ಟು ಆಸೆ ತೋರಿಸಿದರೂ ಬೇರೆ ಕಂಪನಿಯ ಪರದೆಯ ಹಿಂದೆ ಹೋಗಿ ನಿಂತದ್ದಿಲ್ಲ. ಅದಕ್ಕೆ ಕಾಗದ ಬೇಡ, ಬಾಯಿಯೂ ಬೇಡ.

ನಿನಗೆ ಕಾಗದ ಕೊಡುವಂತಿಲ್ಲ, ಮಾತು ಕೊಡುವಂತಿಲ್ಲ. ಹಾಗಾದರೆ ವೀಳ್ಯ ಕೊಡು. ಅವನ ಮನೆಗೆ ಹೋಗಿ, ಹೆಂಡತಿಗೆ ಸೀರೆ ಇಟ್ಟು, ಕಾಯಿ ಕೈಗೆ ಕೊಟ್ಟು ಬಾ. ಅರ್ಥ ಮಾಡಿಕೊಳ್ಳುತ್ತಾನೆ. ಎಲೆ ಅಡಿಕೆಯ ಅರ್ಥ ತಿಳಿಯದ ಮನುಷ್ಯ ಎಲ್ಲಿದ್ದಾನೆ?

ಈ ಸಲ ಅಧಿಕ ಮಾಸ ಬಂದು ಕಾರಹುಣ್ಣಿಮೆ ಹಿಂದೆ ಬಿದ್ದಿದೆ. ಕಂಪನಿ ಚೆನ್ನಾಗಿ ನಡೆದಿದೆ. ಬೇರೆ ವಿಶೇಷ ಇಲ್ಲ.

ಬಂಗಾರೆವ್ವ

ತಾಜಾಕಲಂ: ಸಿದ್ರಾಮಪ್ಪನವರೇ, ಬೇರೆ ವಿಶೇಷ ಇಲ್ಲ ಎಂದು ಒಡತಿಯವರು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ. ಗದಗಿನಿಂದ ಪದ್ಮಜಾ ಎಂಬ ಹೊಸ ಗಾಯಕಿಯನ್ನು ಕರೆಸುವ ಮಾತು ನಡೆದಿದೆ ಎಂಬುದನ್ನು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮೊದಲ ವೀಳ್ಯ ಕೊಟ್ಟರೆ ಮಾತ್ರ ಬರುತ್ತೇನೆ ಎಂದು ಆಕೆ ಹಟ ಹಿಡಿದಿದ್ದಾಳೆ ಎಂಬುದನ್ನಂತೂ ಹೇಳುವುದೇ ಇಲ್ಲ. ವಿರುಪಾಕ್ಷಪ್ಪ ತಮ್ಮ ವೇಷದ ಮೀಸೆಗಳ ಪೆಟ್ಟಿಗೆಯನ್ನು ಎರಡು ಸಲ ತೆಗೆದು ಎರಡು ಸಲ ಕಟ್ಟಿದರು. — ದೇವೇಂದ್ರಪ್ಪ


ಫ್ರೀಮಾಂಟ್
೨೬ ಜೂನ್ ೧೯೮೮

ದೊಡ್ಡವ್ವ,

ಕೆಲಸ ಆಯಿತು. ನಿನ್ನ ಬುದ್ಧಿಗೆ ಇನ್ನೊಂದು ಸಲ ನಮಸ್ಕಾರ.

ಮೊದಲಿಗೆ ಎಲೆಯೇ ಪೇಚಾಯಿತು. ಬರ್ಕ್ಲಿಯ ಅಂಗಡಿಯಲ್ಲಿ ಒಣಗಿ ಹಳದಿಯಾದವು ಇದ್ದವು. ಸರಟೋಗಾದಲ್ಲಿ ನಮ್ಮ ಡಾಕ್ಟರ್ ವೆಂಕಟಾಚಲ ಅವರ ಮನೆಯಲ್ಲಿ ಕುಂಡದಲ್ಲೊಂದು ಬಳ್ಳಿ ಸಾಕಿದ್ದಾರೆಂದು ನೆನಪಾಗಿ ಅಲ್ಲಿಗೆ ಓಡಿದೆ. ಬೆಂಗಳೂರಿನವರು, ನಾಜೂಕು ಮನುಷ್ಯ. ಒಂದೊಂದು ಎಲೆಯನ್ನೂ ಆಪರೇಷನ್ ಮಾಡಿದ ಹಾಗೆ ಕತ್ತರಿಸಿ ಕೊಡುತ್ತ, "ಯಾರ್ದ್ರೀ ಎಂಗೇಜ್‌ಮೆಂಟು? ನಮ್ಗೆ ಹೇಳ್ಲೇ ಇಲ್ಲ" ಎಂದರು. ಬಾಸ್ಕೆಟ್‌ಬಾಲ್ ಆಟಗಾರನದು ಎಂದೆ. ಅವರು ಇನ್ನೆರಡು ಎಲೆ ಹೆಚ್ಚಿಗೆ ಕತ್ತರಿಸಿದರು.

ಜುಟ್ಟು ಇರುವ ಕಾಯಿ ಸಿಕ್ಕಿತು. ನೀನು ಹೋದ ವರ್ಷ ಕಳಿಸಿದ್ದ ಇಳಕಲ್ ಸೀರೆಯನ್ನು ನಮ್ಮ ಇಂದು ಇನ್ನೂ ಉಟ್ಟಿರಲಿಲ್ಲ. ಅದನ್ನು ಕೇಳಿದೆ. ಕೊಟ್ಟಳು. ಕೊಡುವಾಗ ಮಾತಾಡಲಿಲ್ಲ, ಆದ್ದರಿಂದ ಒಪ್ಪಿಗೆ ಇತ್ತು ಎಂದುಕೊಂಡಿದ್ದೇನೆ.

ಓಕ್‌ಲೆಂಡಿನ ಗುಡ್ಡದ ಮೇಲೆ ಅರ್ಲ್‌ನ ಮನೆ. ನಿಯಮದ ಪುಸ್ತಕದಲ್ಲಿ ಎಲೆ ಅಡಿಕೆಯ ಮಾತು ಎಲ್ಲೂ ಇಲ್ಲ ಎಂದು ಖಚಿತ ಮಾಡಿಕೊಂಡೇ ಹೋಗಿದ್ದೆ. ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಕೊಟ್ಟೆ. ಇದು ನಮ್ಮ ಮನೆತನದ ಪದ್ಧತಿ, ನಿನ್ನ ಮೇಲಿನ ಗೌರವಕ್ಕೆ ಎಂದೆ. ವೆಂಡೆಲ್ ವಿಷಯ ಮುಗಿಯುವ ತನಕ ಕಾದಿರು ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳುವಂತಿರಲಿಲ್ಲ, ಹೇಳಲೂ ಇಲ್ಲ.

ನೀನು ನೋಡಬೇಕಿತ್ತು ದೊಡ್ಡವ್ವ. ಅರ್ಲ್ ಆ ಕಾಯನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಅವನ ಹೆಂಡತಿ ಡೆನಿಸ್ ಸೀರೆಯ ಸೆರಗನ್ನು ಸವರುತ್ತ ಸವರುತ್ತ ಕಣ್ಣೊರೆಸಿಕೊಂಡಳು. ಬಾಗಿಲ ತನಕ ಬಂದು ನನ್ನನ್ನು ತಬ್ಬಿಕೊಂಡು, "ನಮಗೆ ಇದನ್ನು ಇಷ್ಟು ಚೆಂದವಾಗಿ ಯಾರೂ ಹೇಳಿರಲಿಲ್ಲ" ಎಂದಳು. ಎಲೆ ಅಡಿಕೆಯ ಅರ್ಥ ತಿಳಿಯದ ಮನುಷ್ಯ ಎಲ್ಲೂ ಇಲ್ಲ ಎಂದೆಯಲ್ಲ, ನಿಜ.

ಅರ್ಲ್ ಗಟ್ಟಿ ಎಂದು ಗ್ಯಾರಿಟಿಗೆ ಹೇಳಿಬಿಟ್ಟೆ.

ವಿರುಪಾಕ್ಷಪ್ಪ ಕಾಕಾ ಹೇಗಿದ್ದಾರೆ? ಬೇರೆ ವಿಶೇಷ ಇಲ್ಲ ಎಂದು ನೀನು ಬರೆಸಿದ ಮೇಲೆ ಇರಲಾರದು. ಸುಮ್ಮನೆ ಕೇಳಿದೆ.

ಸಿದ್ರಾಮಪ್ಪ


ಫ್ರೀಮಾಂಟ್
೧೦ ಜುಲೈ ೧೯೮೮

ದೊಡ್ಡವ್ವ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಕೆಲಸ ಕೆಟ್ಟಿದೆ.

ಟೆಕ್ಸಸ್ ಕಡೆಯ ಒಂದು ತಂಡದವರು ಅರ್ಲ್‌ನೊಂದಿಗೆ ಮಾತು ನಡೆಸಿದ್ದಾರೆ. ಪೇಪರಿನಲ್ಲಿ ಓದಿ ಗ್ಯಾರಿಟಿ ನನ್ನ ಮೇಜಿನ ಮುಂದೆ ಬಂದು ನಿಂತ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅರ್ಲ್ ತನ್ನ ಕಪಾಟು ಖಾಲಿ ಮಾಡಲು ನಾವು ಆಡುವ ಅರೇನಾಕ್ಕೆ ಬಂದಿದ್ದ. ಪಾರ್ಕಿಂಗಿನಲ್ಲಿ ಹಿಡಿದೆ. ಏನಾಯಿತು ಎಂದು ಕೇಳಿದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ ದೊಡ್ಡವ್ವ, ಅದೇ ನನ್ನನ್ನು ಕೊಂದಿತು.

"ಸಿಡ್, ನೀನು ಮರ್ಯಾದೆಯಿಂದ ಹೇಳಿದೆ. ಉಳಿದವರಾದರೆ ಫೋನಿನಲ್ಲಿ ಮುಗಿಸುತ್ತಿದ್ದರು."

ಏನನ್ನು ಹೇಳಿದೆ ಎಂದೆ.

"ತಟ್ಟೆಯಲ್ಲಿ ಕಾಯಿ ಕೊಟ್ಟೆ. ಹೆಂಡತಿಗೆ ಬಟ್ಟೆ ಕೊಟ್ಟೆ. ನಿನ್ನ ಮೇಲೆ ಗೌರವ ಇದೆ ಎಂದೆ. ಕರಾರು ಮಾತ್ರ ಕೊಡಲಿಲ್ಲ. ಈ ದೇಶದಲ್ಲಿ ಅದಕ್ಕೆ ಒಂದೇ ಅರ್ಥ. ನನ್ನ ಅಪ್ಪ ಕಾರ್ಖಾನೆಯಿಂದ ನಿವೃತ್ತನಾದ ದಿನ ಅವನಿಗೂ ಒಂದು ಹಣ್ಣಿನ ಬುಟ್ಟಿ ಕೊಟ್ಟಿದ್ದರು. ಅವನಿಗೆ ತೆಂಗಿನಕಾಯಿ ಇರಲಿಲ್ಲ, ಅಷ್ಟೇ ವ್ಯತ್ಯಾಸ."

ನನ್ನ ವೀಳ್ಯವನ್ನು ಅವನು ಬೀಳ್ಕೊಡುಗೆ ಎಂದು ತಿಳಿದಿದ್ದ. ಡೆನಿಸ್ ಅತ್ತದ್ದು ಅದಕ್ಕೆ. ನಾನು ಅಲ್ಲ ಅಲ್ಲ ಎಂದೆ, ನಮ್ಮ ಕಂಪನಿಯ ಕಥೆಯೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ನನ್ನ ಭುಜ ತಟ್ಟಿ, ಕಾಯಿ ಮನೆಯ ಕಪಾಟಿನ ಮೇಲೆ ಹಾಗೆಯೇ ಇಟ್ಟಿದ್ದೇನೆ, ಎಸೆಯಲು ಮನಸ್ಸಾಗಲಿಲ್ಲ ಎಂದ. ಮತ್ತೆ, "ನಿನ್ನನ್ನು ನಂಬುತ್ತೇನೆ ಸಿಡ್. ಆದರೆ ಹೊಸಬನಿಗೆ ಕುರ್ಚಿ ಹಾಕಿ, ನನ್ನನ್ನು ಹೊರಗೆ ನಿಲ್ಲಿಸಿದ್ದೀರಿ. ಎಷ್ಟು ಹೊತ್ತು ನಿಂತರೂ ನಿಂತವನು ನಿಂತವನೇ" ಎಂದ.

ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ನಾನು ಸಿಡ್ ಆದದ್ದು ಇದೇ ಮೊದಲು.

ಟೆಕ್ಸಸ್‌ನವರಿಗೆ ಅವನು ಆಗಸ್ಟ್ ಎರಡನೆಯ ವಾರದಲ್ಲಿ ಉತ್ತರ ಹೇಳಬೇಕು. ವೆಂಡೆಲ್ ಆಗಸ್ಟ್ ಮೊದಲ ವಾರ ಇಲ್ಲಿಗೆ ಬರುತ್ತಾನೆ. ತನಗೆ ಚೆಂಡು ಕೊಡಲು ಅರ್ಲ್ ಇರುತ್ತಾನೋ ಇಲ್ಲವೋ ಎಂದು ಅವನು ಆಗಲೇ ಕೇಳಿದ್ದಾನಂತೆ. ಒಬ್ಬನಿಗೆ ಇನ್ನೊಬ್ಬ ಬೇಕು, ನಾನು ಇಬ್ಬರನ್ನೂ ಕಳೆದುಕೊಳ್ಳುವ ಹಾಗಿದೆ. ಕೊಟ್ಟ ವೀಳ್ಯವನ್ನು ತಿದ್ದುವ ದಾರಿ ಏನಾದರೂ ಇದೆಯೇ?

ಸಿದ್ರಾಮಪ್ಪ


ತಂತಿ
ಇಳಕಲ್, ೨೧ ಜುಲೈ ೧೯೮೮

ಕಾಯಿ ಒಡೆದಿಲ್ಲವಾದರೆ ಏನೂ ಕೆಟ್ಟಿಲ್ಲ. ಪತ್ರ ಬರುತ್ತಿದೆ. ಬಂಗಾರೆವ್ವ


ಇಳಕಲ್
೨೧ ಜುಲೈ ೧೯೮೮

ಸಿದ್ರಾಮಾ,

ತಂತಿಗೆ ಮಾತು ಹೆಚ್ಚಾದರೆ ದುಡ್ಡು ಹೆಚ್ಚು. ಉಳಿದದ್ದು ಇಲ್ಲಿದೆ.

ಆ ಗೌಡನ ಎತ್ತಿನ ಕಥೆಯಲ್ಲಿ ನಿನಗೆ ಅರ್ಧ ಮಾತ್ರ ಹೇಳಿದ್ದೆ. ಉಳಿದ ಅರ್ಧ ಆಗ ನನಗೂ ಬೇಡವಾಗಿತ್ತು. ನೀನು ವಿರುಪಾಕ್ಷಪ್ಪನ ಬಗ್ಗೆ 'ಸುಮ್ಮನೆ' ಕೇಳಿದ್ದೀ. ಮಾಸ್ತರರು ನನ್ನ ಪತ್ರದ ಕೆಳಗೆ ಏನೋ ಸೇರಿಸಿದ್ದಾರೆಂದು ನನಗೆ ಆಗಲೇ ಗೊತ್ತಾಯಿತು. ನಾನು ಇದನ್ನು ಹೇಳುವಾಗ ಮಾಸ್ತರರು ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದಾರೆ. ಬರೆಯಲಿ.

ಪದ್ಮಜಾಳ ದನಿ ಬಂಗಾರ. ಆಕೆ ಬಂದರೆ ಕಂಪನಿಗೆ ಹತ್ತು ವರ್ಷ ಆಯುಷ್ಯ. ಆದರೆ ಮೊದಲ ವೀಳ್ಯ ತನಗೇ ಎಂದಳು. ನಾನು ಒಪ್ಪಿಬಿಟ್ಟೆ, ವಿರುಪಾಕ್ಷಪ್ಪನಿಗೆ ಹೇಳುವ ಧೈರ್ಯ ಆಗಲಿಲ್ಲ. ನಿನಗೆ ಉಪದೇಶ ಬರೆಸುವ ಹೊತ್ತಿಗೆ ನನ್ನ ಮನೆಯ ಎತ್ತು ಅಂಗಳದಲ್ಲಿ ನಿಂತಿತ್ತು.

ಕಾರಹುಣ್ಣಿಮೆಯ ಮುಂಜಾನೆ ಅವನು ಮೀಸೆಯ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟ. ನಾನು ಥೇಟರಿನ ಬಾಗಿಲಲ್ಲಿ ಅಡ್ಡ ನಿಂತೆ.

"ಎಲ್ಲಿಗೆ ಹೊಂಟಿ?"

"ಮೀಸಿಗೆ ಬಿಸಿಲು ತೋರ್ಸಾಕ ಹೊಂಟೀನ್ರಿ ಅವ್ವಾರ. ಇಲ್ಲಿ ನೆರಳು ಭಾಳ ಆತು."

"ಹೊಸ ಹುಡುಗಿಗೆ ಮೊದಲ ವೀಳ್ಯ ಕೊಡ್ತೀನಿ ಅಂತ ಸಿಟ್ಟೇನು?"

"ಸಿಟ್ಟ್ಯಾಕ್ರಿ. ನಾ ಹಾಸ್ಯದಾಂವ. ನನ್ನ ನೋಡಿ ಮಂದಿ ನಗಬೇಕು. ಈ ವರ್ಷ ಪುಕ್ಕಟ ನಗತಾರ, ಕಂಪನಿಗೆ ಉಳಿತಾಯ."

ನನಗೆ ಅಳುವೂ ಬಂತು, ನಗುವೂ ಬಂತು. ಕೈಯಲ್ಲಿ ವೀಳ್ಯದ ತಟ್ಟೆ ಇತ್ತು. ಅದನ್ನು ಅವನ ಮುಂದೆ ಚಾಚಿದೆ. "ಹಂಗಾದ್ರ ಹೋಗೂದಕ್ಕ ಮೊದಲ ಈ ಹುಡುಗಿಗೆ ನೀನ ಕೊಟ್ಟು ಹೋಗು. ಈ ಮನಿಯಾಗ ಕೊಡಾಕ ನನಗಿಂತ ಹಳೆ ಕೈ ನಿಂದ ಐತಿ" ಎಂದೆ.

ಅವನು ಪೆಟ್ಟಿಗೆ ಇಳಿಸಿದ. ಇಳಿಸಲೇಬೇಕಲ್ಲ, ತಟ್ಟೆ ಹಿಡಿಯಲು ಎರಡೂ ಕೈ ಬೇಕು. ಪದ್ಮಜಾ ಬಗ್ಗಿ ಅವನ ಕಾಲು ಮುಟ್ಟಿ ವೀಳ್ಯ ತೆಗೆದುಕೊಂಡಳು. ಆಮೇಲೆ ತಟ್ಟೆ ಕೆಳಗಿಡುವ ಲಕ್ಷಣವೇ ಇಲ್ಲ. ಅಡುಗೆಯವರ ತನಕ ಎಲ್ಲರಿಗೂ ತಾನೇ ಹಂಚಿದ. ನನಗೂ ಕೊಟ್ಟ, "ಒಡತಿ ಪಾತ್ರ ಚಲೋ ಮಾಡ್ತೀರಿ, ಈ ವರ್ಷಾನೂ ಇರ್ರಿ" ಅಂತ. ಮೀಸೆಯ ಪೆಟ್ಟಿಗೆ ಬಾಗಿಲಲ್ಲೇ ಉಳಿದಿತ್ತು. ಯಾರೋ ಒಳಗೆ ತಂದಿಟ್ಟರು.

ಗೌಡನ ಕಥೆಯ ಉಳಿದ ಅರ್ಧ ಇದೇ. ಅವನ ಹೆಂಡತಿ ಹಳೆಯ ಎತ್ತನ್ನು ಮುಂದೆ ಬಿಟ್ಟು, ಹೊಸದನ್ನು ಅದರ ಹಿಂದೆ ಕೆರೆಗೆ ಹೊಡೆದಳು. ದಾರಿ ತೋರಿಸಿದ್ದು ಹಳೆಯದು. ಆವತ್ತಿನಿಂದ ಗೋದಲಿಯ ತಕರಾರು ಹುಟ್ಟಲಿಲ್ಲ. ಕರೆಯುವವನು ಮನೆಯವನು, ಕರೆಸಿಕೊಳ್ಳುವವನು ಬೀಗ. ನಿನ್ನ ಅರ್ಲ್ ಹೊರಗೆ ನಿಂತಿದ್ದಾನೆ ಎಂದು ಕೊರಗುತ್ತೀಯಲ್ಲ, ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಳ್ಳುವವನೂ ಹೊರಗೇ ನಿಂತಿರುತ್ತಾನೆ. ಕಾಯಿ ಅವನ ಹತ್ತಿರವೇ ಇದೆ. ಹೊಸಬನಿಗೆ ಅದನ್ನು ಕೊಡುವ ಕೆಲಸ ಅವನಿಗೇ ಬಿಡು.

ಬಂಗಾರೆವ್ವ


ಫ್ರೀಮಾಂಟ್
೭ ಆಗಸ್ಟ್ ೧೯೮೮

ಪೂಜ್ಯ ಅತ್ತೆಯವರಿಗೆ ಇಂದು ಮಾಡುವ ನಮಸ್ಕಾರಗಳು.

ಇವರಿಗೆ ಬರೆಯಲು ಪುರಸೊತ್ತಿಲ್ಲ, ನೀವು ಕಾಯುತ್ತಿರುತ್ತೀರಿ ಎಂದು ನಾನೇ ಬರೆಯುತ್ತಿದ್ದೇನೆ. ನಿಮ್ಮ ಪತ್ರ ಬಂದ ದಿನ ಇವರು ಊಟ ಬಿಟ್ಟು ಅರ್ಲ್ ಅವರ ಮನೆಗೆ ಓಡಿದರು. ಎತ್ತಿನ ಕಥೆ, ಮೀಸೆಯ ಪೆಟ್ಟಿಗೆಯ ಕಥೆ, ಎರಡನ್ನೂ ಹೇಳಿದರಂತೆ. ಅರ್ಲ್ ತುಂಬ ನಕ್ಕರಂತೆ. ಆಮೇಲೆ, ಆ ಉದ್ದನೆಯ ಹುಡುಗನ ವಿಮಾನ ಎಷ್ಟು ಗಂಟೆಗೆ ಎಂದು ಕೇಳಿದರಂತೆ.

ಶನಿವಾರ ಅವರೇ ಕಾರು ತೆಗೆದುಕೊಂಡು ಹೋಗಿ ವೆಂಡೆಲ್ ಅವರನ್ನು ಕರೆತಂದರು. ಊಟ ನಮ್ಮ ಮನೆಯಲ್ಲಿ. ಡೆನಿಸ್ ಕೂಡ ಬಂದಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಇಬ್ಬರೂ ತಲೆ ಬಗ್ಗಿಸಿ ಬಂದದ್ದು ನೋಡಿ ವಸುಧಾ, ದೇವಸ್ಥಾನಕ್ಕೆ ಬಂದ ಹಾಗೆ ಬರುತ್ತಾರೆ ಎಂದಳು, ಇಂಗ್ಲಿಷಿನಲ್ಲಿ. ನಾನು ಮೈಸೂರಿನವಳು, ರೊಟ್ಟಿ ನನ್ನ ಕೈಗೆ ಅಷ್ಟಕ್ಕಷ್ಟೆ. ಇವರ ಒತ್ತಾಯಕ್ಕೆ ತಟ್ಟಿದೆ. ಮೊದಲ ರೊಟ್ಟಿಗಳು ಹರಿದವು. ಹರಿದದ್ದನ್ನೂ ಬಿಡದೆ ವೆಂಡೆಲ್ ಎಷ್ಟು ತಿಂದರೆಂದು ಹೇಳಿದರೆ ದೃಷ್ಟಿಯಾಗುತ್ತದೆ.

ಊಟದ ಮೇಲೆ ಅರ್ಲ್ ತಟ್ಟೆ ಕೇಳಿದರು. ಮನೆಯಿಂದ ತಂದಿದ್ದ ಆ ಕಾಯನ್ನು ಅದರಲ್ಲಿಟ್ಟರು. ಎರಡೂ ಕೈಯಿಂದ ಹಿಡಿದು ವೆಂಡೆಲ್‌ಗೆ ಕೊಟ್ಟರು. ಇವರು ಎರಡು ಸಲ ತಿದ್ದಿಸಿದರು, ಕೈ ಹೀಗೆ, ಬೆರಳು ಹಾಗೆ ಎಂದು. ಅರ್ಲ್ ಹೇಳಿದ್ದು ಇಷ್ಟೇ: "ಇದು ನಮ್ಮ ಮನೆ. ನೀನು ಬಾ."

ವೆಂಡೆಲ್ ಕಾಯಿ ತೆಗೆದುಕೊಂಡು, ಇದನ್ನು ಏನು ಮಾಡಬೇಕು ಎಂದರು. ಇನ್ನೂ ಒಡೆಯಬೇಡ, ನನ್ನ ಸರದಿ ಬರಲಿ ಎಂದರು ಅರ್ಲ್.

ಇನ್ನೊಂದು ಮಾತು. ನೀವು ಪ್ರೀತಿಯಿಂದ ಕಳಿಸಿದ್ದ ಇಳಕಲ್ ಸೀರೆ ಡೆನಿಸ್ ಅವರ ಊಟದ ಕೋಣೆಯ ಕಿಟಕಿಗೆ ಪರದೆಯಾಗಿದೆ. ತುಂಬ ಚೆನ್ನಾಗಿ ಕಾಣುತ್ತದೆ ಎಂದು ಇವರು ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೇನೆ.

ಇಂದು


ಫ್ರೀಮಾಂಟ್
೨೮ ಆಗಸ್ಟ್ ೧೯೮೮

ದೊಡ್ಡವ್ವ,

ಈಗ ಕೂತು, ಕಾಲು ಚಾಚಿ, ಸಾವಕಾಶವಾಗಿ ಬರೆಯುತ್ತಿದ್ದೇನೆ.

ವೆಂಡೆಲ್ ಸಹಿ ಹಾಕಿದ. ಗಾಡಿಯಲ್ಲಿದ್ದ ಜಾಗವೆಲ್ಲ ಅವನ ಕಾಲಿಗೇ ಹೋಯಿತು. ಇನ್ನು ಅರ್ಲ್‌ನನ್ನು ಒತ್ತಿ ಕೂಡಿಸುವುದು. ಅವನ ಕಾಗದವನ್ನು ಮೊದಲೇ ಟೈಪು ಮಾಡಿಸಿಟ್ಟಿರಲಿಲ್ಲ, ನಿಯಮ ಮುರಿದ ಹಾಗಾದೀತೆಂದು. ವೆಂಡೆಲ್‌ನ ಕಾಗದ ಲೀಗಿನ ಆಫೀಸಿಗೆ ಮುಟ್ಟಿತೆಂದು ತಿಳಿದ ಮೇಲೆಯೇ ಟೈಪಿಗೆ ಕೊಟ್ಟು, ಗ್ಯಾರಿಟಿಯ ಮುಂದಿಟ್ಟೆ.

ಅವನು ಪೆನ್ನು ತೆಗೆಯಲಿಲ್ಲ.

ನಿನಗೆ ನಾನು ಬರೆಯದೆ ಬಿಟ್ಟ ಒಂದು ಸಂಗತಿ ಇತ್ತು, ಅರ್ಲ್‌ನ ಎಡ ಮಂಡಿ. ಚಳಿಗಾಲದಲ್ಲಿ ಊದಿಕೊಂಡಿತ್ತು. ಒಂದು ವಾರ ನೋಡೋಣ, ಡಾಕ್ಟರು ಇನ್ನೊಮ್ಮೆ ಪರೀಕ್ಷಿಸಲಿ ಎಂದ ಗ್ಯಾರಿಟಿ. ಟೆಕ್ಸಸ್‌ನವರಿಗೆ ಅರ್ಲ್ ಉತ್ತರ ಹೇಳಬೇಕಾದದ್ದು ಆ ಸಂಜೆ. ವಾರ ಕಾದರೆ ಅವನಿಗೆ ಅದೂ ಇಲ್ಲ, ಇದೂ ಇಲ್ಲ.

"ನಾವು ಅವನಿಗೆ ಏನನ್ನೂ ಹೇಳಿಲ್ಲವಲ್ಲ ಸಿಡ್" ಎಂದ.

ಅದು ನಿಜವೇ. ನಿಯಮದ ಪ್ರಕಾರ ನಾವು ಏನೂ ಹೇಳಿರಲಿಲ್ಲ. ಆಗ ನನಗೆ ನಿನ್ನ ದನಿ ಕೇಳಿಸಿತು ಎಂದರೆ ಸುಳ್ಳಾಗುತ್ತದೆ. ಕೇಳಿಸಿದ್ದು ಪಾರ್ಕಿಂಗಿನಿಂದ ಬಂದ ನಗು. ಗ್ಯಾರಿಟಿಯ ಕೋಣೆಯ ಕಿಟಕಿ ಆ ಕಡೆಗಿದೆ. ಕೆಳಗೆ ಅರ್ಲ್ ತನ್ನ ಕಾರಿನ ಜಾಗವನ್ನು ವೆಂಡೆಲ್‌ಗೆ ತೋರಿಸುತ್ತಿದ್ದ. ಮಧ್ಯಾಹ್ನ ನೆರಳು ಬರುವುದು ಅದೊಂದೇ ಕಡೆ. ಅಲ್ಲಿ ನಿಲ್ಲಿಸು, ನಾನು ಬಿಸಿಲಲ್ಲಿ ನಿಲ್ಲಿಸುತ್ತೇನೆ ಎಂದು ಕೈಸನ್ನೆ ಮಾಡುತ್ತಿದ್ದ.

"ನಾವು ಹೇಳಿಲ್ಲ" ಎಂದೆ. "ಆದರೆ ವೆಂಡೆಲ್‌ನನ್ನು ಕರೆದದ್ದೂ ನಾವಲ್ಲ, ಅರ್ಲ್. ಕರೆದವನೇ ಮನೆಯಲ್ಲಿ ಇಲ್ಲದಿದ್ದರೆ ಬಂದ ಅತಿಥಿ ಎಷ್ಟು ದಿನ ಕೂತಾನು?"

ಗ್ಯಾರಿಟಿ ಕಿಟಕಿಯ ಹತ್ತಿರ ಹೋಗಿ ನಿಂತ. ತನ್ನ ನೆರಳಿನ ಜಾಗವನ್ನು ಕೊಡುವವನನ್ನು ನಾನು ಈ ಆಫೀಸಿನಲ್ಲಿ ನೋಡಿಲ್ಲ ಎಂದು ತನ್ನಷ್ಟಕ್ಕೇ ಗೊಣಗಿದ. ತಿರುಗಿ ಬಂದು ಕಾಗದ ಕೇಳಿದ. ಸಂಬಳದ ಸಾಲನ್ನು ಇನ್ನೊಮ್ಮೆ ಓದಿ, ಮುಖ ಕಿವುಚಿ, ಸಹಿ ಹಾಕಿದ. ಎರಡು ವರ್ಷಕ್ಕೆ.

ನಾನು ಮೆಟ್ಟಿಲು ಇಳಿದು ಹೋದೆ. ಓಡಿದೆ ಎಂದು ನಮ್ಮ ಇಂದು ಹೇಳಿದರೆ ನಂಬಬೇಡ, ಅವಳು ಅಲ್ಲಿರಲಿಲ್ಲ. ಅರ್ಲ್ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಓದಿದ. ಸಹಿ ಹಾಕಿ ಪೆನ್ನು ನನಗೆ ಕೊಡುತ್ತ, "ಈಗ ಒಡೆಯಬಹುದೇ, ಸಿದ್ರಾಮಪ್ಪ?" ಎಂದ.

ವೆಂಡೆಲ್ ಕಾಯಿಯನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಅರೇನಾದ ಮೆಟ್ಟಿಲ ಕಲ್ಲಿಗೆ ನಾನೇ ಒಡೆದೆ. ಕೊಳೆತಿರುತ್ತದೆ ಎಂದು ಅಂಜಿಕೆ ಇತ್ತು. ನೀರು ಒಣಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗತೊಡಗಿತ್ತು. ಕಾದ ಕಾಯಿಯೂ ಕೆಡಲಿಲ್ಲ ದೊಡ್ಡವ್ವ. ಮೂವರೂ ಅಲ್ಲೇ ನಿಂತು ಹೋಳು ಜಗಿದೆವು. ಅರ್ಲ್ ಒಂದು ಹೋಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. ಊರಲ್ಲಿರುವ ತನ್ನ ಅಪ್ಪನಿಗಂತೆ.

ನಿನ್ನ ಸಿದ್ರಾಮಪ್ಪ


ಮೊಕ್ಕಾಂ: ಬಾಗಲಕೋಟೆ
೧೮ ಸೆಪ್ಟೆಂಬರ್ ೧೯೮೮

ಸಿದ್ರಾಮಾ,

ಪತ್ರವನ್ನು ಮಾಸ್ತರರು ಕಂಪನಿಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಮಂಡಿಯ ಮಾತು ಬಂದಾಗ ಹೆಂಗಸರು ಲೊಚಗುಟ್ಟಿದರು, ಸಹಿ ಬಿದ್ದಾಗ ಚಪ್ಪಾಳೆ. ವಿರುಪಾಕ್ಷಪ್ಪ ಈಗ ಹೊಸ ನಾಟಕದಲ್ಲಿ ಒಂದು ಮಾತು ಸೇರಿಸಿಕೊಂಡಿದ್ದಾನೆ. "ನಮ್ಮಂಥವ ಅಮೇರಿಕಾದಾಗೂ ಒಬ್ಬ ಅದಾನ್ರಿ, ಚೆಂಡು ಹಂಚ್ತಾನ, ನಾ ನಗಿ ಹಂಚ್ತೀನಿ" ಎನ್ನುತ್ತಾನೆ. ಜನಕ್ಕೆ ಏನೂ ತಿಳಿಯುವುದಿಲ್ಲ, ಆದರೂ ನಗುತ್ತಾರೆ. ಅರ್ಲ್‌ಗೆ ಕೊಡು ಎಂದು ಪೆಟ್ಟಿಗೆಯಿಂದ ಒಂದು ಮೀಸೆ ತೆಗೆದು ಕೊಟ್ಟಿದ್ದಾನೆ. ಲಕೋಟೆಯಲ್ಲಿದೆ, ಪೋಸ್ಟಿನವರು ಹೆದರದಿರಲಿ.

ಪದ್ಮಜಾಳ ಹಾಡಿಗೆ ಥೇಟರು ತುಂಬುತ್ತಿದೆ. ಮುಂದಿನ ಕಾರಹುಣ್ಣಿಮೆಗೆ ತಟ್ಟೆ ತಾನು ಹಿಡಿಯುತ್ತೇನೆ, ಮೊದಲ ವೀಳ್ಯ ಕಾಕಾನಿಗೆ ಎಂದು ಆಕೆ ಈಗಲೇ ಹೇಳಿದ್ದಾಳೆ. ಕಾಕಾ ಬೇಡ ಅನ್ನುತ್ತಿದ್ದಾನೆ. ತಟ್ಟೆ ಬಿಟ್ಟುಕೊಡಲು ಅವನಿಗೆ ಮನಸ್ಸಿಲ್ಲ.

ಇಂದೂಗೆ ಬೇರೆ ಸೀರೆ ಕಳಿಸಿದ್ದೇನೆ. ಇದನ್ನು ಯಾರ ಕಿಟಕಿಗೂ ಕೊಡಬೇಡ.

ಬಂಗಾರೆವ್ವ

ತಾಜಾಕಲಂ: ಒಡತಿಯವರ ಅಪ್ಪಣೆ ಪಡೆದೇ ಈ ಸಲ ಕೆಳಗೆ ಬರೆಯುತ್ತಿದ್ದೇನೆ. ಸಿದ್ರಾಮಪ್ಪನವರೇ, ಈ ಕಂಪನಿಯಲ್ಲಿ ನನಗೆ ವೀಳ್ಯ ಬರುವುದು ಯಾವಾಗಲೂ ಎಲ್ಲರದೂ ಮುಗಿದ ಮೇಲೆ. ಪರದೆ ಎಳೆಯುವವರೂ ಆದ ಮೇಲೆ. ಎಷ್ಟೋ ವರ್ಷ ಅದನ್ನು ಒಳಗೊಳಗೇ ನುಂಗಿಕೊಂಡಿದ್ದೆ. ನಿಮ್ಮ ಮೊದಲ ಪತ್ರವನ್ನು ನಿನ್ನೆ ಇನ್ನೊಮ್ಮೆ ತೆಗೆದು ಓದಿದೆ. ಗಾಡಿ ತುಂಬಿದ ಮೇಲೂ ಕೂಡಿಸಿಕೊಳ್ಳುವುದು ಮನೆಯವನನ್ನು ಮಾತ್ರ ಎಂದು ಬರೆದಿದ್ದೀರಿ. ಒಡತಿಯವರನ್ನು ಹೌದೇ ಎಂದು ಕೇಳಿದೆ. "ಇಷ್ಟು ದಿನ ಏನ್ ತಿಳ್ಕೊಂಡಿದ್ದಿ ಮತ್ತ?" ಎಂದರು. — ದೇವೇಂದ್ರಪ್ಪ